ಹಳ್ಳದ ದಂಡೆಗೆ ಸುರಿದ ಸುಣ್ಣ

ಪಳೆಯುಳಿಕೆ ಎಂಬ ಮಾತು ನನ್ನ ಕಿವಿಗೆ ಬೀಳುವ ಎಷ್ಟೋ ವರ್ಷ ಮೊದಲಿನಿಂದಲೇ ನಮ್ಮ ಮನೆಯವರು ಪಳೆಯುಳಿಕೆಗಳನ್ನು ಸುಟ್ಟು ಹೊಟ್ಟೆ ಹೊರೆಯುತ್ತಿದ್ದರು. ನಾವು ಸುಣಗಾರರು. ಮಸ್ಕಿಯಲ್ಲಿ ಹಳ್ಳಕ್ಕೆ ಹತ್ತಿಕೊಂಡೇ ನಮ್ಮ ಸುಣ್ಣದ ಭಟ್ಟಿ ಇತ್ತು. ಹಳ್ಳದ ದಂಡೆಯ ಮಣ್ಣಿನಲ್ಲಿ, ಮಳೆನೀರು ಕೊರೆದ ಕೊರಕಲುಗಳಲ್ಲಿ ಬೂದುಬಿಳಿ ಬಣ್ಣದ ಸುಣ್ಣದ ಹರಳು ಸಿಗುತ್ತಿತ್ತು. ಅದನ್ನು ಬುಟ್ಟಿ ಬುಟ್ಟಿ ಆರಿಸಿ ತಂದು, ಕಟ್ಟಿಗೆ ಮತ್ತು ಸಗಣಿಯ ಕುಳ್ಳಿನ ಜೊತೆ ಪದರು ಪದರಾಗಿ ಭಟ್ಟಿಗೆ ತುಂಬಿ ಸುಡುವುದು ನಮ್ಮ ಕೆಲಸ. ಸುಣ್ಣವೆಂದರೆ ಅಂಗಡಿಯ ಚೀಲದಲ್ಲಿ ಹುಟ್ಟುವ ಪುಡಿ ಎಂದುಕೊಂಡವರಿಗೆ ಇದನ್ನೆಲ್ಲ ಬಿಡಿಸಿ ಹೇಳುವುದು ನನಗೆ ಬೇಸರ. ಆದರೂ ಹೇಳಬೇಕು, ಇಲ್ಲದಿದ್ದರೆ ನಮ್ಮವ್ವ ಮಾಡಿದ್ದು ಹುಚ್ಚಾಗಿ ಕಾಣುತ್ತದೆ.

ಸುಟ್ಟ ಸುಣ್ಣವನ್ನು ಅಪ್ಪ ಬಂಡಿಯಲ್ಲಿ ಹೇರಿಕೊಂಡು ಒಮ್ಮೆ ಲಿಂಗಸುಗೂರಿಗೆ, ಒಮ್ಮೆ ಸಿಂಧನೂರಿಗೆ ಹೋಗುತ್ತಿದ್ದ. ಲಿಂಗಸುಗೂರಿನಲ್ಲಿ ಹಿಂದೆ ದಂಡು ಇದ್ದಾಗ ಕಟ್ಟಿದ ಬಂಗಲೆಗಳಿದ್ದವು. ನಿಜಾಮರ ಅಧಿಕಾರಿಗಳು ಇರುತ್ತಿದ್ದ ಆ ಬಂಗಲೆಗಳ ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಆಗಲೇಬೇಕು. ಸಿಂಧನೂರಿನಲ್ಲಿ ಆಗ ಕಾಲುವೆ ಇರಲಿಲ್ಲ, ಭತ್ತ ಇರಲಿಲ್ಲ. ಜೋಳ, ಹತ್ತಿ ಬೆಳೆಯುವ ಕಪ್ಪುಮಣ್ಣಿನ ಎರಿಹೊಲಗಳ ನಡುವಿನ ಧೂಳಿನ ಊರು ಅದು. ಮನೆ ಕಟ್ಟುವ ಸಾಹುಕಾರರು ಮಾತ್ರ ಅಲ್ಲಿ ಯಾವಾಗಲೂ ಒಬ್ಬಿಬ್ಬರು ಇದ್ದೇ ಇರುತ್ತಿದ್ದರು.

ಹರಳು ಆರಿಸುವುದು ಹೆಂಗಸರ ಮತ್ತು ಮಕ್ಕಳ ಪಾಲಿನ ಕೆಲಸ. ಆ ಹರಳಿನಲ್ಲಿ ಕೆಲವು ಬೆರಳುದ್ದದ ಕೊಳವೆಗಳಂತೆ ಇರುತ್ತಿದ್ದವು, ಒಳಗೆ ತೂತು. ನಾನು ಅವುಗಳಲ್ಲಿ ಊದಿ ಸೀಟಿ ಹೊಡೆಯುತ್ತಿದ್ದೆ. ಕೆಲವು ಗಟ್ಟಿಗಳನ್ನು ಒಡೆದರೆ ಒಳಗೆ ಬಸವನಹುಳುವಿನ ಚಿಪ್ಪು ಅಂಟಿಕೊಂಡಿರುತ್ತಿತ್ತು, ಚಿಪ್ಪಿನ ಹೊಟ್ಟೆಯೊಳಗೂ ಕಲ್ಲು. ನನ್ನ ತಮ್ಮನಿಗೆ ಅವೆಂದರೆ ಪ್ರಾಣ. ಇನ್ನೂ ಸರಿಯಾಗಿ ನಡೆಯಲು ಬಾರದ ಕೂಸು ಅದು. ಹರಳಿನ ರಾಶಿಯ ಮೇಲೆ ಕೂತು, ಆ ಕಲ್ಲಿನ ಬಸವನಹುಳುಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡು ಚೀಪಿ ಉಗುಳುತ್ತಿತ್ತು. ಬಾಯಿ ಸುತ್ತ ಯಾವಾಗಲೂ ಬೆಳ್ಳಗೆ. ಓಣಿಯ ಹೆಂಗಸರು, "ಇವಗ ಹಾಲು ಬಿಡಿಸಿ ಸುಣ್ಣ ಕುಡಸಾಕತ್ತಿ ಏನು?" ಎಂದು ಅವ್ವನನ್ನು ಕಾಡಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವನಿಗೆ ಜ್ವರ ಬಂತು. ಹಕೀಮರ ಪುಡಿ ಕೊಟ್ಟರು, ಬೇವಿನ ಸೊಪ್ಪು ಹಾಸಿದರು, ಹಣೆಗೆ ಒದ್ದೆ ಬಟ್ಟೆ ಹಾಕಿದರು. ಜ್ವರ ಇಳಿಯಲಿಲ್ಲ. ಅವನು ಅವ್ವನ ತೊಡೆಯ ಮೇಲೆಯೇ ಹೋದ.

ಹಾಲುಗೂಸು ಸತ್ತರೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಕೂಸನ್ನು ತಂದೆ ಒಬ್ಬನೇ ಎತ್ತಿಕೊಂಡು ಹೋಗಿ ಹಳ್ಳದ ದಂಡೆಯಲ್ಲಿ ಇಟ್ಟು ಬರಬೇಕು. ಕುಣಿಯ ಮೇಲೆ ಕಲ್ಲು ನೆಡುವಂತಿಲ್ಲ, ಗುರುತು ಮಾಡುವಂತಿಲ್ಲ. ಎಲ್ಲಿ ಇಟ್ಟೆ ಎಂದು ತಾಯಿಗೆ ಹೇಳುವಂತಿಲ್ಲ, ಅವಳು ಕೇಳುವಂತಿಲ್ಲ. ಹೇಳಿದರೆ ಅವಳ ಜೀವ ಅಲ್ಲೇ ಸುತ್ತುತ್ತದೆ, ಮುಂದೆ ಒಡಲು ತುಂಬುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಈ ಹಿರಿಯರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೆತ್ತವಳಿಂದ ಕೂಸಿನ ಮಣ್ಣನ್ನೂ ಮುಚ್ಚಿಟ್ಟರೆ ಅವಳು ಮರೆತುಬಿಡುತ್ತಾಳೆ ಎಂದು ತಿಳಿದವರು ಎಂಥ ಜನವೋ.

ಅಪ್ಪ ಸಲಿಕೆ ಹಿಡಿದುಕೊಂಡು ಹೋದ, ಕತ್ತಲಾಗುವ ಮೊದಲು ಬಂದ. ಕೈಕಾಲು ತೊಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ. ಅವ್ವ ಕೇಳಲಿಲ್ಲ. ದಿನ ಕಳೆದಂತೆ ಅವಳು ಮತ್ತೆ ಹರಳು ಆರಿಸಲು ಹೋದಳು, ಬಾಯಲ್ಲಿ ಮಾತು ಮಾತ್ರ ಇರಲಿಲ್ಲ. ಅನ್ನ ತಿಂದರೆ ತಿಂದಳು, ಬಿಟ್ಟರೆ ಬಿಟ್ಟಳು. ಅಳಲೂ ಇಲ್ಲ. ಅವಳು ಒಂದು ಸಲ ಬಾಯಿಬಿಟ್ಟು ಅತ್ತಿದ್ದರೆ ನನಗೆ ಅಷ್ಟು ಅಂಜಿಕೆ ಆಗುತ್ತಿರಲಿಲ್ಲ.

ಆ ದಿನಗಳಲ್ಲೇ ಊರಿನ ಸರ್ಕಾರಿ ಮದರಸಾದ ಮಾಸ್ತರರು ತಮ್ಮ ಹುಡುಗರನ್ನು ಕರೆದುಕೊಂಡು ನಮ್ಮ ಭಟ್ಟಿಗೆ ಬಂದರು. ಲಿಂಗಸುಗೂರಿನ ಮುಸಲ್ಮಾನರು, ತೆಳ್ಳಗಿನ ಮನುಷ್ಯ, ಕರಿ ಟೊಪ್ಪಿಗೆ. ಮದರಸಾ ಎಂದರೆ ನಿಜಾಮರ ಸರ್ಕಾರದ ಶಾಲೆ, ಪಾಠ ಉರ್ದುವಿನಲ್ಲಿ ನಡೆಯುತ್ತಿತ್ತು. ನಾನು ಹುಡುಗಿ, ಅದರಲ್ಲೂ ಸುಣಗಾರರ ಹುಡುಗಿ, ಆ ಬಾಗಿಲು ತುಳಿದವಳಲ್ಲ. ಈ ಪಾಠ ತಾನಾಗಿ ನಮ್ಮ ರಾಶಿಯ ಹತ್ತಿರ ಬಂದದ್ದರಿಂದ ನನಗೂ ಸಿಕ್ಕಿತು. ಮಾಸ್ತರರು ಉರ್ದುವಿನಲ್ಲೇ ಶುರು ಮಾಡಿದರು. ಹುಡುಗರು ಕಣ್ಣು ಪಿಳಿಪಿಳಿ ಮಾಡುವುದನ್ನು ನೋಡಿ ಕನ್ನಡಕ್ಕೆ ಇಳಿದರು.

"ಗಚ್ಚು ಹಸಿ ಇದ್ದಾಗ ಅದರ ಮ್ಯಾಲ ಕೋಳಿ ನಡದ್ರ ಏನಾಕೈತಿ?" ಎಂದು ಕೇಳಿದರು.

"ಹೆಜ್ಜಿ ಮೂಡತಾವ್ರಿ."

"ಆಮ್ಯಾಲ ಆ ಕೋಳಿನ್ನ ನೀವು ಕೊಯ್ದು ತಿಂದ್ರಿ. ಹೆಜ್ಜಿ ಎಲ್ಲಿ ಹೋತು?"

"ಎಲ್ಲಿ ಹೋಗತಾವ್ರಿ, ಗಚ್ಚಿನಾಗ ಇರತಾವು."

"ಹೌದಲ್ಲ. ಕೋಳಿ ಇಲ್ಲ, ಹೆಜ್ಜಿ ಐತಿ. ಇದೂ ಅದರಾಂಗ ನೋಡ್ರಿ."

ಹೀಗೆ ಹೇಳಿ ಅವರು ನಮ್ಮ ರಾಶಿಯಿಂದ ಒಂದು ಕೊಳವೆ ಹರಳನ್ನು ಎತ್ತಿ ತೋರಿಸಿದರು. ಅದರೊಳಗೆ ಒಂದು ಕಾಲಕ್ಕೆ ಗಿಡದ ಬೇರು ಇತ್ತಂತೆ. ಮಣ್ಣಿನಲ್ಲಿದ್ದ ಸುಣ್ಣದ ನೀರು ಬೇರಿನ ಸುತ್ತ ಸೇರಿ ಗಟ್ಟಿಯಾಯಿತು, ಬೇರು ಕೊಳೆತು ಹೋಯಿತು, ಬೇರು ಇದ್ದ ಜಾಗ ತೂತಾಗಿ ಉಳಿಯಿತು. ನಾನು ಸೀಟಿ ಹೊಡೆಯುತ್ತಿದ್ದದ್ದು ಯಾವುದೋ ಕಾಲದ ಗಿಡದ ಬೇರಿನ ಜಾಗದಲ್ಲಿ. ಆಮೇಲೆ ಒಂದು ಗಟ್ಟಿ ಒಡೆದು ಬಸವನಹುಳು ತೋರಿಸಿದರು. ಹುಳು ಸತ್ತು ಕೆಸರಿನಲ್ಲಿ ಬಿತ್ತು. ಕಾಗೆ, ಇರುವೆಗಳಿಗೆ ಸಿಗುವ ಮೊದಲೇ ಹಳ್ಳ ಅದರ ಮೇಲೆ ಮಣ್ಣು ಮುಚ್ಚಿತು. ಮೆತ್ತಗಿನ ಮೈ ಕೊಳೆಯಿತು. ಚಿಪ್ಪು ಗಟ್ಟಿಯಾದ್ದರಿಂದ ತಡೆಯಿತು, ಅದರ ಹೊಟ್ಟೆಯೊಳಗೆ ಸುಣ್ಣದ ನೀರು ಇಳಿದು ಇಳಿದು ಕಲ್ಲಾಯಿತು. ಗಟ್ಟಿ ಮೈ ಇರಬೇಕು, ಬೇಗ ಮುಚ್ಚಬೇಕು, ಯಾರೂ ಕೆದಕಬಾರದು, ಇಷ್ಟಿದ್ದರೆ ಸತ್ತದ್ದು ಉಳಿಯುತ್ತದೆ ಎಂದರು. ಇವತ್ತು ನೆನೆದರೂ ಅದು ಒಳ್ಳೆಯ ಪಾಠವೇ. ಮುಂದೆ ರಾಜ್ಯ ಬದಲಾಗಿ ಕನ್ನಡ ಶಾಲೆಗಳು ಬಂದವು, ನಾನು ವಯಸ್ಸು ಮೀರಿ ಅಕ್ಷರ ಕಲಿತೆ, ಸಿಂಧನೂರಿನಲ್ಲಿ ಮಕ್ಕಳಿಗೆ ಪಾಠ ಹೇಳುವವಳೂ ಆದೆ. ಕೋಳಿ ಹೆಜ್ಜೆಗಿಂತ ಚೆನ್ನಾದ ಉದಾಹರಣೆ ನನಗೂ ಹೊಳೆಯಲಿಲ್ಲ.

ಅವ್ವ ಜರಡಿ ಹಿಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಸರ್ಕಾರಿ ಮಂದಿಯ ಮುಂದೆ ಸೆರಗು ಎಳೆದುಕೊಂಡು ಮೂಲೆ ಸೇರುವವಳು, ಅವತ್ತು ಎದ್ದು ಬಂದಳು.

"ಸಾಹೇಬ್ರ, ಹಿಂಗ ಕಲ್ಲಾಗಾಕ ಎಷ್ಟು ದಿನ ಬೇಕ್ರಿ?"

"ದಿನ ಅಲ್ಲಮ್ಮಾ. ಸಾವಿರ ಸಾವಿರ ವರ್ಷ."

ಅವ್ವ ಇನ್ನೊಂದು ಹೆಜ್ಜೆ ಮುಂದೆ ಬಂದಳು. "ಸುಣ್ಣ ಭಾಳ ಇದ್ರ?"

ದೊಡ್ಡವರೊಬ್ಬರು ಪಾಠದ ಬಗ್ಗೆ ಪ್ರಶ್ನೆ ಕೇಳಿದ್ದು ಮಾಸ್ತರರಿಗೆ ಹಿಗ್ಗು ತಂದಿತು. "ಸುಣ್ಣ ಭಾಳ ಇದ್ದಲ್ಲಿ ಲಗೂನ ಆಕೈತಿ," ಎಂದರು. ನಮ್ಮ ಮನೆಯಲ್ಲಿ ಏನಾಗಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಬೇರೆ ಯಾವ ಹೆಂಗಸಾದರೂ ಆ ಮಾತನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದಳು. ಸುಣಗಾರರ ಹೆಂಗಸು ಬಿಡಲಿಲ್ಲ. ಸುಣ್ಣ ಕಲ್ಲಾಗುವುದನ್ನು ಅವಳು ದಿನಾ ಕಣ್ಣಾರೆ ನೋಡುತ್ತಿದ್ದಳು. ನೀರು ಹಾಕಿ ಅರಳಿಸಿದ ಸುಣ್ಣದ ಮೇಲಿನ ತಿಳಿನೀರನ್ನು ಗಡಿಗೆಯಲ್ಲಿ ಬಿಟ್ಟರೆ ಬೆಳಗಾಗುವುದರೊಳಗೆ ಹಾಲಿನ ಕೆನೆಯಂಥ ಪೊರೆ ಕಟ್ಟುತ್ತದೆ. ಹಳೆಯ ಗಡಿಗೆಗಳ ಒಳಮೈಗೆ ಆ ಪೊರೆ ಕೂತು ಕೂತು, ಉಳಿ ಹಚ್ಚಿದರೂ ಏಳದ ಕಲ್ಲಾಗಿರುತ್ತಿತ್ತು. ಬರೀ ಹಳ್ಳದ ನೀರಿಗೆ ಸಾವಿರ ವರ್ಷ ಬೇಕಾದರೆ ಬೇಕಾಗಲಿ, ಮನೆಯಲ್ಲಿ ಭಟ್ಟಿ ಇಟ್ಟುಕೊಂಡವಳಿಗೆ ಅಷ್ಟು ಯಾಕೆ ಬೇಕು? ಅವ್ವನ ಲೆಕ್ಕ ಅದು.

ಮರುದಿನ ಇಳಿಹೊತ್ತಿನಲ್ಲಿ ಅವಳು ತಿಳಿಸುಣ್ಣದ ಗಡಿಗೆ ತಲೆಯ ಮೇಲೆ ಇಟ್ಟುಕೊಂಡು ನನ್ನನ್ನೂ ಕರೆದಳು. ಹಳ್ಳದ ಗುಂಟ ನಡೆದೆವು. ಒಂದು ಕಡೆ ದಂಡೆಯ ಮೇಲೆ ಜಾಲಿಮುಳ್ಳಿನ ಟೊಂಗೆ ಹಾಸಿತ್ತು, ಅದು ಹಾರದಂತೆ ಮೇಲೆ ನಾಲ್ಕಾರು ಕಲ್ಲು. ನರಿ, ನಾಯಿ ಕೆದಕಬಾರದು ಎಂದು ಹಾಗೆ ಮುಚ್ಚುತ್ತಾರೆ. ಅವ್ವ ಅಲ್ಲಿ ಕೂತಳು.

"ಅಪ್ಪ ಹೇಳಿದ್ನೇನವ್ವಾ?"

"ಅವರ್ಯಾಕ ಹೇಳತಾರ. ಹುಟ್ಟಿದಾಗಿಂದ ಈ ದಂಡಿ ನೋಡೀನಿ. ಮಣ್ಣು ಹೊಸದಾಗಿ ಅಗದಿದ್ದು ನನಗ ಗೊತ್ತಾಗೂದಿಲ್ಲೇನು?" ಮುಳ್ಳು ಸರಿಸಿ ನೀರನ್ನು ನಿಧಾನವಾಗಿ ಸುರಿದಳು. "ಮಳಿ ಬರೂದ್ರಾಗ ನಿನ್ನ ತಮ್ಮ ಕಲ್ಲಾಗಬೇಕು. ಇಲ್ಲಂದ್ರ ಹಳ್ಳ ಬಂದು ದಂಡಿ ಕಡೀತೈತಿ. ಅಂವ ಹರಳಿನ ಜೋಡಿ ಯಾರದರ ಬುಟ್ಟಿಗಿ ಬಂದ, ಭಟ್ಟಿಗಿ ಬಿದ್ದ ಅಂದ್ರ ನಾ ಏನು ಮಾಡ್ಲಿ?"

ಅವಳ ಅಂಜಿಕೆ ಏನೆಂದು ನನಗೆ ಆಗ ತಿಳಿಯಿತು. ನಾವು ಮಳೆಗಾಲದ ನಂತರ ದಂಡೆ ಕುಸಿದಲ್ಲೇ ಹೆಚ್ಚು ಹರಳು ಆರಿಸುತ್ತಿದ್ದೆವು. ಬೆಳ್ಳಗೆ ಕಂಡದ್ದೆಲ್ಲ ಬುಟ್ಟಿಗೆ ಬೀಳುತ್ತಿತ್ತು, ಬುಟ್ಟಿಯದೆಲ್ಲ ಬೆಂಕಿಗೆ ಹೋಗುತ್ತಿತ್ತು. ಅದನ್ನು ಅವಳು ಎಷ್ಟು ದಿನದಿಂದ ಒಬ್ಬಳೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೋ.

ಅಂದಿನಿಂದ ದಿನಾ ಒಂದು ಗಡಿಗೆ. ಮೊದಮೊದಲು ಎರಿಮಣ್ಣು ಗಟಗಟ ಕುಡಿಯಿತು, ಬೇಸಿಗೆಯ ಬಿರುಕುಗಳಲ್ಲಿ ನೀರು ಇಳಿದು ಹೋಗುತ್ತಿತ್ತು. ಆಮೇಲೆ ಅವಳು ಗಟ್ಟಿ ಸುಣ್ಣವನ್ನೇ ಒಯ್ದು ಬಿರುಕಿಗೆ ತುಂಬಿದಳು, ಮರಳು ಸೇರಿಸಿ ಗಚ್ಚಿನಂತೆ ಮೇಲೆ ಬಡಿದಳು. ಕೈ ಒಡೆದು ರಕ್ತ ಬರುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮತ್ತೆ ಹೋಗುತ್ತಿದ್ದಳು. ವಿಚಿತ್ರವೆಂದರೆ, ಅವಳು ಹೊಟ್ಟೆ ತುಂಬ ಉಣ್ಣಲು ಶುರು ಮಾಡಿದ್ದೂ ಆಗಲೇ. ನನ್ನ ತಲೆ ಬಾಚುತ್ತಿದ್ದಳು, ಬೈಯುತ್ತಿದ್ದಳು. ಬೈಸಿಕೊಳ್ಳುವುದು ಅಷ್ಟು ಹಿತವೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ದಂಡೆಯ ಮೇಲಿನ ಬಿಳಿ ಕಲೆ ದೂರದಿಂದಲೂ ಕಾಣತೊಡಗಿತು. ಅಪ್ಪ ನೋಡಿದ. ಒಂದು ದಿನ ಬಂಡಿ ನಿಲ್ಲಿಸಿಕೊಂಡು ಬಹಳ ಹೊತ್ತು ನೋಡಿದ. ಪದ್ಧತಿ ಮುರಿದಳೆಂದು ಅವ್ವನಿಗೆ ಬೈಯುತ್ತಾನೆಂದು ನಾನು ಕಾದೆ. ಅವನು ಎತ್ತಿನ ಕೊರಳು ತಟ್ಟಿ ಬಂಡಿ ಹೊಡೆದುಕೊಂಡು ಬಂದ.

ಸುದ್ದಿ ಹುಡುಗರ ಬಾಯಿಂದ ಮಾಸ್ತರರಿಗೆ ಹೋಯಿತು. ಅವರು ಒಬ್ಬರೇ ನಡೆದು ನಮ್ಮ ಮನೆಗೆ ಬಂದರು. ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತರು. ಅವರ ಮುಖ ನೋಡಿದರೆ ಅಪ್ಪನಿಗಿಂತ ಹೆಚ್ಚು ಅವರೇ ಸೊರಗಿದಂತೆ ಕಾಣುತ್ತಿತ್ತು.

"ಅಮ್ಮಾ, ನಾನು ಅವತ್ತು ಯೋಚನೆ ಮಾಡಲಾರದ ಮಾತಾಡಿದೆ. ಲಗೂನ ಅಂದ್ರ ನಮ್ಮ ನಿಮ್ಮ ಜೀವಮಾನದಾಗ ಅಲ್ಲ. ಮ್ಯಾಲ ಹಾಕಿದ ಸುಣ್ಣ ಮ್ಯಾಲೇ ಗಟ್ಟಿ ಆಕೈತಿ, ಕೆಳಗ ಇಳಿಯೂದಿಲ್ಲ. ಇದು ಎರಿಮಣ್ಣು. ಬ್ಯಾಸಗಿಗಿ ಬಿರೀತೈತಿ, ಮಳಿಗಿ ಉಬ್ಬತೈತಿ, ಒಳಗಿದ್ದದ್ದನ್ನ ಹೊಳ್ಳಾಡಸತೈತಿ. ಅದಕ್ಕ ಏನನ್ನೂ ಹಿಡಕೊಳ್ಳೂದು ಗೊತ್ತಿಲ್ಲ. ಕೂಸಿನ ಎಲುಬು ಭಾಳ ಮೆತ್ತಗ ಅಮ್ಮಾ."

ಅವ್ವ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದಳು. ಅವರಿಗೆ ಬೆಲ್ಲ ನೀರು ಕೊಟ್ಟಳು. ಅವರು ಹೋದ ಮೇಲೆ ಗಡಿಗೆ ಎತ್ತಿಕೊಂಡಳು. "ಸಾಹೇಬ್ರು ಭಾಳ ಒಳ್ಳೇವರು," ಎಂದಳು ನನಗೆ. "ಓದ್ಯಾರ. ಆದ್ರ ಸುಣ್ಣ ಸುಟ್ಟಿಲ್ಲಲ್ಲ."

ಮಾಸ್ತರರು ಹೇಳಿದ್ದು ಅಕ್ಷರಶಃ ಸರಿ. ನಾನೇ ಮುಂದೆ ಅದನ್ನು ಓದಿಕೊಂಡೆ. ಭೂಮಿಯ ಮೇಲೆ ಹುಟ್ಟಿ ಸತ್ತ ಜೀವಗಳಲ್ಲಿ ಕಲ್ಲಾಗಿ ಉಳಿದವು ಎಲ್ಲೋ ಒಂದಿಷ್ಟು. ಮಿಕ್ಕ ಅಷ್ಟೂ ಜೀವಗಳು ಇದ್ದವು ಎಂಬುದಕ್ಕೆ ಒಂದು ಗೀರೂ ಇಲ್ಲ. ಮಕ್ಕಳಿಗೆ ಪಾಠ ಹೇಳುವಾಗ ನಾವು ಉಳಿದವನ್ನೇ ತೋರಿಸುತ್ತೇವೆ, ಅವರಿಗೂ ಅದೇ ಖುಷಿ. ಉಳಿಯದೆ ಹೋದವುಗಳ ಮಾತನ್ನು ನಾನು ಯಾವಾಗಲೂ ಬೇಗ ಬೇಗ ಹೇಳಿ ಮುಗಿಸುತ್ತಿದ್ದೆ.

ಮಳೆಗಾಲ ಬಂತು. ಆ ವರ್ಷ ಹಳ್ಳ ಒಮ್ಮೆಲೇ ತುಂಬಿ ಬಂತು. ಮನೆಯಲ್ಲಿ ಕೂತರೂ ದಂಡೆ ಕುಸಿದು ನೀರಿಗೆ ಬೀಳುವ ಸದ್ದು ಕೇಳುತ್ತಿತ್ತು, ಒಂದೊಂದು ಸದ್ದಿಗೂ ಅವ್ವ ಬಾಗಿಲ ಕಡೆ ನೋಡುತ್ತಿದ್ದಳು. ನೀರು ಇಳಿದ ಬೆಳಿಗ್ಗೆ ಮೂವರೂ ಹೋದೆವು. ಅವ್ವ ಓಡುತ್ತ ಮುಂದೆ, ನಾನು ನಡುವೆ, ಅಪ್ಪ ಹಿಂದೆ.

ಬಿಳಿ ಕಲೆ ಇದ್ದಲ್ಲೇ ಇತ್ತು. ಅಕ್ಕಪಕ್ಕದ ಮಣ್ಣು ಕೊಚ್ಚಿ ಹೋಗಿತ್ತು, ಅವಳು ಬಡಿದ ಸುಣ್ಣದ ಗಟ್ಟಿ ಮಾತ್ರ ಒಂದು ಕಟ್ಟೆಯಂತೆ ದಂಡೆಯನ್ನು ಹಿಡಿದುಕೊಂಡು ನಿಂತಿತ್ತು. ಅವ್ವ ಅದರ ಮೇಲೆ ಎರಡೂ ಅಂಗೈ ಇಟ್ಟಳು. ಅಷ್ಟು ದಿನ ಬಾರದ ಅಳು ಆಗ ಬಂತು. ಅಳುತ್ತ ನಗುತ್ತಿದ್ದಳು. "ನಿಂತೈತಿ ನೋಡ್ರಿ," ಎಂದು ಅಪ್ಪನಿಗೆ ಹೇಳಿದಳು. "ನನ್ನ ಮಗನ್ನ ಹಳ್ಳ ಒಯ್ಯಲಿಲ್ಲ."

"ಹೂಂ," ಎಂದ ಅಪ್ಪ. ಅವನು ಅದನ್ನು ನೋಡುತ್ತಿರಲಿಲ್ಲ. ಕೆಳಗೆ ಹಳ್ಳ ತಿರುಗುವಲ್ಲಿ ಒಂದು ಹೊಂಗೆಮರ ಬುಡಸಹಿತ ನೀರಿಗೆ ಉರುಳಿತ್ತು, ಅಲ್ಲಿನ ದಂಡೆ ಪೂರಾ ಹೋಗಿತ್ತು. ಅವನ ಕಣ್ಣು ಅಲ್ಲಿತ್ತು.

ಮಳೆ ಬಿಡುವು ಕೊಟ್ಟಾಗ ಅಪ್ಪ ಸಿಂಧನೂರಿಗೆ ಸುಣ್ಣ ಹೇರಿದ. ಸುಟ್ಟ ಸುಣ್ಣಕ್ಕೆ ನೀರು ತಾಗಿದರೆ ಕುದಿದು ಬಂಡಿಯೇ ಹೊತ್ತಿಕೊಳ್ಳುತ್ತದೆ, ಅದಕ್ಕೆ ಮೇಲೆ ಮುಚ್ಚಿದ ಗೋಣಿತಟ್ಟು ಹಿಡಿದುಕೊಳ್ಳಲು ನನ್ನನ್ನು ಕೂರಿಸಿಕೊಂಡಿದ್ದ. ಊರು ದಾಟಿ, ದಾರಿಯಲ್ಲಿ ಯಾರೂ ಇಲ್ಲದಾಗ ನಾನೇ ಕೇಳಿದೆ, "ಅಪ್ಪಾ, ಹೊಂಗಿಗಿಡ ಬಿದ್ದಲ್ಲಿ ಏನಿತ್ತು?"

ಅವನು ಎತ್ತುಗಳಿಗೆ ಹೇಳಿದಂತೆ ಮುಂದೆ ನೋಡಿಕೊಂಡೇ ಹೇಳಿದ. "ಅಂವ ಅಲ್ಲಿದ್ದ. ನೆರಳು ಇರಲಿ ಅಂತ ಹೊಂಗಿ ಬುಡಕ್ಕ ಇಟ್ಟಿದ್ದೆ."

"ಮತ್ತ ಅವ್ವ ಸುಣ್ಣ ಹಾಕಿದ್ದು?"

"ಅದು ಬ್ಯಾರೆ ಯಾರದೋ ಕೂಸು, ಯವ್ವಾ. ಆ ಮುಳ್ಳು ನಾ ಹಾಕಿದ್ದಲ್ಲ." ಬಾರುಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡ. "ಮೊದಲ ಹೇಳಬಾರದಾಗಿತ್ತು, ಪದ್ಧತಿ. ಆಮ್ಯಾಲ ಆಕಿ ಉಣ್ಣಾಕ ಹತ್ತಿದ್ಲು. ಹ್ಯಾಂಗ ಹೇಳ್ಲಿ? ಈಗಂತೂ ಅಂವ ಎಲ್ಲೂ ಇಲ್ಲ. ನೀ ನಿಮ್ಮವ್ವಗ ಹೇಳಬ್ಯಾಡ."

ನಾನು ಹೇಳಲಿಲ್ಲ. ಅವ್ವ ಸಾಯುವವರೆಗೂ ಹೇಳಲಿಲ್ಲ. ಅವಳು ಪ್ರತಿ ಬೇಸಿಗೆಗೆ ಆ ಸುಣ್ಣದ ಕಟ್ಟೆಯ ಬಿರುಕು ಮುಚ್ಚಿ ಬರುತ್ತಿದ್ದಳು. ಯಾವ ತಾಯಿಯ ಕೂಸೋ ಅದು, ಅದಕ್ಕಾದರೂ ಒಬ್ಬಳು ಬಂದು ಕೈಯಾಡಿಸಿದಳಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಸಮಾಧಾನ ಆಗುತ್ತಿತ್ತು ಎಂದು ಹೇಳಲಾರೆ.

ಆ ಮಳೆಗಾಲ ಮುಗಿದು ದಂಡೆ ಒಣಗಿದ ಮೇಲೆ ಹರಳಿನ ಸುಗ್ಗಿ ಶುರುವಾಯಿತು. ಓಣಿಯ ಹೆಂಗಸರೆಲ್ಲ ಕುಸಿದ ಕಡೆಯಿಂದ ಬುಟ್ಟಿ ತುಂಬಿ ತಂದು ನಮ್ಮ ಭಟ್ಟಿಯ ಮುಂದೆ ಸುರಿಯುತ್ತಿದ್ದರು. ಮೊದಲೆಲ್ಲ ಅಪ್ಪ ಅದನ್ನು ಸಲಿಕೆಯಲ್ಲಿ ಎತ್ತಿ ಭಟ್ಟಿಗೆ ಎಸೆಯುತ್ತಿದ್ದ. ಈಗ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದೊಂದೇ ಹರಳನ್ನು ಎತ್ತಿ, ಮಣ್ಣು ಒರೆಸಿ, ಬೆಳಕಿಗೆ ಹಿಡಿದು ನೋಡಿ ಆಮೇಲೆ ಪಕ್ಕಕ್ಕೆ ಇಡುತ್ತಿದ್ದ. ಕೆಲಸ ಹಿಂದೆ ಬೀಳತೊಡಗಿತು. ವಯಸ್ಸಾಗುವ ಮೊದಲೇ ಮುದುಕರ ಚಾಳಿ ಬಂತು ಎಂದು ಹೆಂಗಸರು ನಕ್ಕರು.

ಅವ್ವನೂ ನಕ್ಕಳು. ಅವಳ ಮೈಮನಸ್ಸು ಹಗುರಾಗಿದ್ದ ದಿನಗಳು ಅವು. "ಮುತ್ತು ಆರಸಾಕತ್ತೀರೇನು? ಮೊದಲಿನಾಂಗ ಸುರೀರಿ," ಎಂದು ಬುಟ್ಟಿಯನ್ನು ಬೋರಲು ಹಾಕಿ ಮತ್ತೊಂದು ತರಲು ಹೋದಳು.

ಅಪ್ಪ ತಲೆ ಎತ್ತಲಿಲ್ಲ. ನಾನು ಹೋಗಿ ಅವನ ಎದುರಿಗೆ ಕೂತು, ರಾಶಿಯ ಈಚೆ ಬದಿಯಿಂದ ಒಂದೊಂದೇ ಎತ್ತಿ ನೋಡತೊಡಗಿದೆ.